ನಮ್ಮೂರಿನ ಯಾವ ಜಾಗ ಯಾವುದಕ್ಕೆ? – ಭೂ ಬಳಕೆ ನಕ್ಷೆ ಹೊಸದಾಗುವಾಗ



ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಇವುಗಳ ಲೆಕ್ಕವನ್ನು ನಾವೆಲ್ಲ ಚೆನ್ನಾಗಿಯೇ ಕಲಿತಿದ್ದೇವೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಪುಸ್ತಕ ಮುಚ್ಚೋದಿಲ್ಲ. ಆದರೆ ನಮ್ಮ ಊರಿನ ಜಾಗದ ಲೆಕ್ಕ? ಅಂಗನವಾಡಿ ಯಾವ ಸರ್ವೆ ನಂಬರಿನಲ್ಲಿದೆ, ಸ್ಮಶಾನಕ್ಕೆ ಎಷ್ಟು ಗುಂಟೆ ಇದೆ, ಹೊಲಕ್ಕೆ ಹೋಗುವ ದಾರಿ ಸರ್ಕಾರದ್ದೋ ಇನ್ನೊಬ್ಬರದ್ದೋ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಅದೆಲ್ಲ ಗಂಡಸರಿಗೆ ಗೊತ್ತು" ಅಂತೀವಿ. ಗಂಡಸರನ್ನು ಕೇಳಿದರೆ "ಪಂಚಾಯಿತಿಯವರಿಗೆ ಗೊತ್ತು" ಅಂತಾರೆ. ಪಂಚಾಯಿತಿಗೆ ಹೋದರೆ "ತಾಲ್ಲೂಕು ಆಫೀಸಿನಲ್ಲಿ ಕೇಳಿ" ಅಂತಾರೆ.

ಈ ಸಲ ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ. ಪಟ್ಟಣಗಳು ಬೆಳೆಯುತ್ತಾ ಬೆಳೆಯುತ್ತಾ ಅಕ್ಕಪಕ್ಕದ ಹಳ್ಳಿಗಳನ್ನು ಮುಟ್ಟುತ್ತಿವೆ. ನಿನ್ನೆಯವರೆಗೆ ರಾಗಿ ಹೊಲ ಇದ್ದ ಕಡೆ ಇವತ್ತು ಸೈಟಿನ ಕಲ್ಲು ನೆಟ್ಟಿರುತ್ತಾರೆ. ಕಲ್ಲು ನೆಟ್ಟ ಮೇಲೆ ಹೋಗಿ ಗಲಾಟೆ ಮಾಡಿದರೆ ಪ್ರಯೋಜನ ಕಡಿಮೆ. ಆ ಕಲ್ಲು ಬರುವುದಕ್ಕೆ ವರ್ಷಗಳ ಮುಂಚೆಯೇ ಒಂದು ಕಾಗದದ ಮೇಲೆ ಆ ಜಾಗಕ್ಕೆ ಬಣ್ಣ ಹಚ್ಚಿ ಆಗಿರುತ್ತದೆ. ನಾವು ಮೊದಲು ನೋಡಬೇಕಾದದ್ದು ಆ ಕಾಗದವನ್ನು.

ಬಣ್ಣದ ಕಾಗದ ಅಂದರೆ ಏನು?

ನಮ್ಮ ರಾಜ್ಯದಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಒಂದಿದೆ, 1961ರದು. ಒಂದು ಪಟ್ಟಣವನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸರ್ಕಾರ 'ಸ್ಥಳೀಯ ಯೋಜನಾ ಪ್ರದೇಶ' ಎಂದು ಘೋಷಣೆ ಮಾಡುತ್ತದೆ. ಅದನ್ನು ನೋಡಿಕೊಳ್ಳಲು ಒಂದು ಯೋಜನಾ ಪ್ರಾಧಿಕಾರ ಇರುತ್ತದೆ. ದೊಡ್ಡ ಊರುಗಳಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರ. ಈ ಪ್ರಾಧಿಕಾರ ಇಡೀ ಪ್ರದೇಶವನ್ನು ಸರ್ವೆ ಮಾಡಿಸಿ, ಈಗ ಯಾವ ಜಾಗ ಯಾವುದಕ್ಕೆ ಬಳಕೆಯಲ್ಲಿದೆ, ಮುಂದೆ ಯಾವುದಕ್ಕೆ ಬಳಸಬೇಕು ಅಂತ ನಕ್ಷೆ ತಯಾರಿಸುತ್ತದೆ. ಇದಕ್ಕೆ ಮಹಾಯೋಜನೆ ಅಂತ ಹೆಸರು. ಜನ ಮಾಸ್ಟರ್ ಪ್ಲಾನ್ ಅಂತಲೇ ಕರೀತಾರೆ.

ನಕ್ಷೆಯಲ್ಲಿ ಹಳದಿ ಇದ್ದರೆ ವಾಸದ ಜಾಗ. ನೀಲಿ ಅಂಗಡಿ ಮುಂಗಟ್ಟಿಗೆ. ನೇರಳೆ ಕಾರ್ಖಾನೆಗೆ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಗೆ ಕೆಂಪು. ಉದ್ಯಾನ, ಆಟದ ಬಯಲಿಗೆ ಹಸಿರು. ಬೇಸಾಯದ ಜಮೀನಿಗೆ ಇನ್ನೊಂದು ತಿಳಿ ಹಸಿರು. ಒಂದೊಂದು ನಕ್ಷೆಯಲ್ಲಿ ಬಣ್ಣ ಸ್ವಲ್ಪ ಆಚೀಚೆ ಆಗಬಹುದು, ಆದ್ದರಿಂದ ಮೂಲೆಯಲ್ಲಿರುವ ಬಣ್ಣದ ಪಟ್ಟಿಯನ್ನು ಮೊದಲು ನೋಡಿಕೊಳ್ಳಿ. ಎರಡು ಹಸಿರಿನ ವ್ಯತ್ಯಾಸ ಬಣ್ಣದ ಸೀರೆ ಆರಿಸಿ ಅಭ್ಯಾಸ ಇರುವ ನಮಗೆ ಬೇಗ ಗೊತ್ತಾಗುತ್ತದೆ!

ಒಂದು ಹೆದರಿಕೆ ಎಲ್ಲ ಕಡೆ ಇದೆ. "ನಮ್ಮ ಜಮೀನಿಗೆ ಹಳದಿ ಹಚ್ಚಿದ್ದಾರಂತೆ, ಹೋಯ್ತು" ಅಂತ ಅಳುವವರನ್ನು ನೋಡಿದ್ದೇವೆ. ಹಾಗಲ್ಲ. ಬಣ್ಣ ಬದಲಾದ ಮಾತ್ರಕ್ಕೆ ಒಡೆತನ ಬದಲಾಗೋದಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರು ಇದ್ದರೆ ಇರುತ್ತದೆ, ರಾಗಿ ಬೆಳೆದುಕೊಳ್ಳಬಹುದು. ಆದರೆ ಮುಂದೆ ಆ ಜಮೀನನ್ನು ಬೇಸಾಯದಿಂದ ಬೇರೆ ಉಪಯೋಗಕ್ಕೆ ಪರಿವರ್ತನೆ ಮಾಡಬೇಕಾದಾಗ ಈ ಬಣ್ಣವೇ ತೀರ್ಮಾನ ಮಾಡುತ್ತದೆ. ಹೆಚ್ಚು ಚಿಂತೆ ಮಾಡಬೇಕಾದದ್ದು ನಮ್ಮ ಹೆಸರಿನಲ್ಲಿರುವ ಜಮೀನಿನ ಬಗ್ಗೆ ಅಲ್ಲ, ಅದಕ್ಕೆ ಕೇಳುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಯಾರ ಹೆಸರಿನಲ್ಲೂ ಇಲ್ಲದೆ ಎಲ್ಲರೂ ಬಳಸುವ ಜಾಗದ ಬಗ್ಗೆ.

ಹತ್ತು ವರ್ಷಕ್ಕೊಮ್ಮೆ

ಈ ನಕ್ಷೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಸರ್ವೆ ಮಾಡಿ ಪರಿಷ್ಕರಿಸಬೇಕೆಂದು ಕಾಯ್ದೆಯ 13ಡಿ ಕಲಂ ಹೇಳುತ್ತದೆ. ಹತ್ತು ವರ್ಷದಲ್ಲಿ ಊರು ಎಷ್ಟು ಬದಲಾಗುತ್ತದೆ ನೋಡಿ. ಮನೆಗಳು ಹೆಚ್ಚುತ್ತವೆ, ಬಾವಿ ಮುಚ್ಚುತ್ತದೆ, ಶಾಲೆಗೆ ಕೊಠಡಿ ಬರುತ್ತದೆ, ಎಮ್ಮೆ ದನ ಕಡಿಮೆಯಾಗುತ್ತವೆ. ಹಳೆಯ ನಕ್ಷೆ ಇಟ್ಟುಕೊಂಡು ಹೊಸ ಊರನ್ನು ನಡೆಸೋಕಾಗಲ್ಲ. ಹಾಗಂತ ಸಮಯಕ್ಕೆ ಸರಿಯಾಗಿ ಪರಿಷ್ಕರಣೆ ಆಗುತ್ತದೆ ಅಂತಲೂ ಇಲ್ಲ. ಬೆಂಗಳೂರಿನದ್ದನ್ನೇ ನೋಡಿ. 2007ರಲ್ಲಿ ಮಂಜೂರಾದ ನಕ್ಷೆ 2015ರವರೆಗಿನದು. 2031ರವರೆಗಿನ ಹೊಸ ಕರಡನ್ನು 2017ರಲ್ಲಿ ಪ್ರಕಟಿಸಿದರು, 2020ರಲ್ಲಿ ಹಿಂದಕ್ಕೆ ತೆಗೆದುಕೊಂಡರು. 2015 ದಾಟಿದ ಮೇಲೂ ವರ್ಷಗಟ್ಟಲೆ ಹಳೆಯ ನಕ್ಷೆಯ ಮೇಲೆಯೇ ಅಷ್ಟು ದೊಡ್ಡ ನಗರ ನಡೆಯಿತು.

ಪರಿಷ್ಕರಣೆ ನಡೆಯುವಾಗ ನಮಗೆ ಸಿಗುವ ಬಾಗಿಲು ಒಂದೇ, ಅದೂ ಸ್ವಲ್ಪ ಹೊತ್ತು ಮಾತ್ರ ತೆರೆದಿರುತ್ತದೆ. ಕರಡು ನಕ್ಷೆ ಸರ್ಕಾರಕ್ಕೆ ಹೋಗಿ ಬಂದ ಮೇಲೆ ಪ್ರಾಧಿಕಾರ ಅದನ್ನು ಸಾರ್ವಜನಿಕರ ಮುಂದೆ ಪ್ರಕಟಿಸಬೇಕು. ಅಂದಿನಿಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕೊಡಬಹುದು. ಬರವಣಿಗೆಯಲ್ಲಿ ಕೊಡಬೇಕು. ಬಂದದ್ದನ್ನು ಪ್ರಾಧಿಕಾರ ಪರಿಶೀಲಿಸಿ, ತನ್ನ ಶಿಫಾರಸಿನ ಜೊತೆ ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಆಮೇಲೆ ಅಂತಿಮ ಮಂಜೂರಾತಿ. 60 ದಿನ ಕಳೆದ ಮೇಲೆ ಬಂದರೆ "ನೋಡೋಣಮ್ಮ" ಅನ್ನುವ ಉತ್ತರವೇ ಗತಿ.

ಶಾಲೆಯ ಅಂಗಳದಲ್ಲಿ ಬರೆದ ನಕ್ಷೆ

ಕೆಲವು ವರ್ಷದ ಹಿಂದೆ ಹೀಗೆ ಕರಡು ಪ್ರಕಟವಾದಾಗ ನಾವು ಒಂದು ಹಳ್ಳಿಗೆ ಹೋಗಿದ್ದೆವು. ತಾಲ್ಲೂಕು ಕೇಂದ್ರದಿಂದ ಐದಾರು ಕಿಲೋಮೀಟರ್, ನೂರಿಪ್ಪತ್ತು ಮನೆ ಇರಬಹುದು, ನಾಲ್ಕು ಸ್ತ್ರೀ ಸಂಘ. ಊರಿನ ಹೆಸರು ಬೇಡ. ಶಾಲೆಯ ಅಂಗಳ ಗುಡಿಸಿ, ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಹುಣಸೆ ಬೀಜ, ಸೊಪ್ಪು ಇಟ್ಟುಕೊಂಡು ಊರಿನ ನಕ್ಷೆ ಬರೆಯಲು ಕೂತೆವು. ಮೊದಲು ಗಂಡಸರು ಬರೆದರು. ಟಾರು ರಸ್ತೆ, ದೇವಸ್ಥಾನ, ಪಂಚಾಯಿತಿ, ಕೆರೆ, ಹಾಲಿನ ಡೈರಿ. ಹದಿನೈದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಹೆಂಗಸರು ಶುರು ಮಾಡಿದರು, ಎರಡು ಗಂಟೆಯಾದರೂ ಮುಗಿಯಲಿಲ್ಲ. ನಲ್ಲಿ ಎಲ್ಲಿ, ಯಾವ ನಲ್ಲಿಗೆ ನೀರು ಬರಲ್ಲ, ಹೊಲಕ್ಕೆ ಬುತ್ತಿ ಒಯ್ಯುವ ಕಾಲುದಾರಿ, ಮಳೆ ಬಂದರೆ ಹಳ್ಳದ ನೀರು ನುಗ್ಗುವ ಮೂರು ಮನೆ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಓಡಾಡಲು ಹೆದರುವ ತಿರುವು, ರಾಗಿ ಬಡಿಯುವ ಕಣ, ಸ್ಮಶಾನ, ಅಂಗನವಾಡಿ ನಡೆಯುವ ಬಾಡಿಗೆ ಕೋಣೆ. ಒಬ್ಬ ಅಜ್ಜಿ ಕಣದ ಜಾಗದಲ್ಲಿ ಹುಣಸೆ ಬೀಜ ಇಟ್ಟು, "ಇದನ್ನ ಬಿಟ್ಟು ಏನ್ ಬರೀತೀರವ್ವಾ ನೀವು, ಊರು ಊಟ ಮಾಡಾದೇ ಇಲ್ಲಿಂದ" ಅಂದರು.

ಆಮೇಲೆ ಪ್ರಾಧಿಕಾರದ ಕರಡು ನಕ್ಷೆಯ ನಕಲನ್ನು ಪಕ್ಕದಲ್ಲಿ ಹರಡಿದೆವು. ಸ್ಮಶಾನದ ಜಾಗಕ್ಕೆ ಹಳದಿ ಹಚ್ಚಿತ್ತು. ಕಣಕ್ಕೂ ಹಳದಿ. ಹೊಲಕ್ಕೆ ಹೋಗುವ ದಾರಿಯ ಗುರುತೇ ಇರಲಿಲ್ಲ. ಅಂಗನವಾಡಿಗೆ ಯಾವ ಜಾಗವೂ ಇಲ್ಲ. ಇದು ಯಾರೋ ಬೇಕೆಂದೇ ಮಾಡಿದ ಮೋಸ ಅಂತ ನಾವು ಹೇಳೋದಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಸ್ಮಶಾನ ಬರೀ ಪೊದೆ ಬೆಳೆದ ಬಯಲಿನ ಹಾಗೆ ಕಾಣುತ್ತದೆ. ಕಣ ಬೇಸಿಗೆಯಲ್ಲಿ ಖಾಲಿ ನೆಲ. ಅಲ್ಲಿ ಬದುಕುವವರು ಹೇಳದಿದ್ದರೆ ಬರೆಯುವವರಿಗೆ ಗೊತ್ತಾಗೋದು ಹೇಗೆ?

"ನಾವು ನೂರು ವರ್ಷದಿಂದ ಬಳಸ್ತಿದೀವಿ" ಅಂದರೆ ಆಫೀಸಿನಲ್ಲಿ ಸಾಕಾಗಲ್ಲ, ದಾಖಲೆ ಬೇಕು. ಸಂಘದವರು ಎರಡು ಕಾಗದ ತಂದರು. ಒಂದು ಪಹಣಿ, ಇನ್ನೊಂದು ಸರ್ವೆ ಇಲಾಖೆಯ ಗ್ರಾಮ ನಕ್ಷೆ. ಪಹಣಿಯಲ್ಲಿ 'ಖರಾಬು' ಅನ್ನುವ ಕಾಲಂ ನೀವು ನೋಡಿರುತ್ತೀರಿ. ಅದರಲ್ಲಿ ಎರಡು ಬಗೆ. 'ಅ' ಖರಾಬು ಅಂದರೆ ಬೇಸಾಯಕ್ಕೆ ಬಾರದ ಬಂಡೆ, ಕೊರಕಲು ಮುಂತಾದ ನೆಲ. 'ಬ' ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಮೀಸಲಾದ ನೆಲ. ಈ ಒಂದು ಅಕ್ಷರದ ಮೇಲೆ ಬಹಳ ನಿಂತಿದೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ಗ್ರಾಮ ನಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿನ ಗಡಿ ಇರುತ್ತದೆ, ಹಳ್ಳ, ಕೆರೆ, ಬಂಡಿದಾರಿ, ಕಾಲುದಾರಿಗಳ ಗುರುತೂ ಇರುತ್ತದೆ. ದಾರಿಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ಈಗ ಇದು ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ದಿಶಾಂಕ್ ಅನ್ನುವ ಮೊಬೈಲ್ ಆ್ಯಪ್ ಕೂಡ ಇದೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಗೆ ಕೊಡಿ.

ಆ ಊರಿನ ಸ್ಮಶಾನ ಪಹಣಿಯಲ್ಲಿ 'ಬ' ಖರಾಬು ಅಂತಲೇ ಇತ್ತು. ಹೊಲದ ದಾರಿ ಗ್ರಾಮ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿ ಇತ್ತು. ಕಣದ ಪಹಣಿ ತೆಗೆಸಿದಾಗ ಮಾತ್ರ ಎಲ್ಲರೂ ಸುಮ್ಮನಾದರು. ಅದು ಊರಿನದ್ದಲ್ಲ, ಒಂದು ಮನೆತನದ ಸ್ವಂತ ಹಿಡುವಳಿ. ಅವರ ಅಜ್ಜನ ಕಾಲದಿಂದ ಊರಿಗೆ ಬಳಸಲು ಬಿಟ್ಟಿದ್ದರು, ಅಷ್ಟೇ.

ಇಲ್ಲಿ ನಮ್ಮ ತಪ್ಪೂ ಒಂದಿದೆ, ಹೇಳಿಬಿಡ್ತೀವಿ. ಆಕ್ಷೇಪಣೆಯ ಅರ್ಜಿಯನ್ನು ನಾವೇ ಕೂತು ಬರೆಸಿದೆವು, ಆದರೆ ಕೊಟ್ಟದ್ದು ತಾಲ್ಲೂಕು ಕಚೇರಿಗೆ. ಜಾಗದ ವಿಷಯ ಅಂದಮೇಲೆ ತಹಶೀಲ್ದಾರರಿಗೇ ಅಂತ ಅಂದುಕೊಂಡಿದ್ದೆವು. ನಕ್ಷೆಯ ಆಕ್ಷೇಪಣೆ ಯೋಜನಾ ಪ್ರಾಧಿಕಾರಕ್ಕೇ ಹೋಗಬೇಕು. ಇದು ಗೊತ್ತಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. 60 ದಿನದಲ್ಲಿ ಉಳಿದದ್ದು ಒಂಬತ್ತು ದಿನ. ನಾಲ್ಕೂ ಸಂಘದವರು ಒಟ್ಟಿಗೆ ಸಭೆ ಸೇರಿ, ನಡವಳಿ ಪುಸ್ತಕದಲ್ಲಿ ತೀರ್ಮಾನ ಬರೆದು, ಅದರ ನಕಲು, ಪಹಣಿ, ಗ್ರಾಮ ನಕ್ಷೆ ಲಗತ್ತಿಸಿ, ಹದಿನಾಲ್ಕು ಜನ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದರು. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು, ಸಹಿ ಹಾಕಿಸಿಕೊಳ್ಳದೆ ಎದ್ದು ಬರಲಿಲ್ಲ. ಬ್ಯಾಂಕಿನಲ್ಲಿ ಹಣ ಕಟ್ಟಿ ರಸೀದಿ ಇಲ್ಲದೆ ಬರೋ ಅಭ್ಯಾಸ ನಮಗಿಲ್ಲವಲ್ಲ!

ಅಂತಿಮ ನಕ್ಷೆಯಲ್ಲಿ ಸ್ಮಶಾನ ಸ್ಮಶಾನವಾಗಿಯೇ ಬಂತು. ದಾರಿಯೂ ಬಂತು. ಶಾಲೆಯ ಪಕ್ಕದ ಸರ್ಕಾರಿ ತುಂಡು ಜಾಗಕ್ಕೆ ಕೆಂಪು ಬಣ್ಣ ಬಂತು, ಅಂಗನವಾಡಿಗೆ ಕೇಳಿದ್ದು ಅದನ್ನೇ. ಕಣ ಉಳಿಯಲಿಲ್ಲ. ಆ ಮನೆಯವರು ಮಾರಿದರು, ಮಾರುವ ಹಕ್ಕು ಅವರಿಗಿತ್ತು. ಈಗ ಆ ಊರಿನವರು ರಾಗಿ ಹರಡುವುದು ಟಾರು ರಸ್ತೆಯ ಮೇಲೆ, ಲಾರಿ ಬಸ್ಸುಗಳ ನಡುವೆ. ಹತ್ತು ವರ್ಷ ಮುಂಚೆ ಯಾರಾದರೂ ಪಹಣಿ ತೆಗೆಸಿ ನೋಡಿದ್ದರೆ, ಆ ಮನೆಯ ಹಿರಿಯರು ಬದುಕಿದ್ದಾಗಲೇ ಮಾತಾಡಿ ಕಾಲು ಎಕರೆಯನ್ನಾದರೂ ಪಂಚಾಯಿತಿಗೆ ಬರೆಸಿಕೊಳ್ಳಬಹುದಿತ್ತೇನೋ.

ನಕ್ಷೆ ಮಂಜೂರಾದ ಮೇಲೂ ಕಣ್ಣಿಡಬೇಕು

ನಕ್ಷೆಯಲ್ಲಿ ಬಂದರೆ ಜಾಗ ಸಿಕ್ಕಿತು ಅಂತಲ್ಲ. ಸರ್ಕಾರಿ ಜಾಗವಾದರೆ ಅದನ್ನು ಆ ಕೆಲಸಕ್ಕೆ ಕಾಯ್ದಿರಿಸಲು ಕಂದಾಯ ಇಲಾಖೆಯ ಆದೇಶ ಬೇರೆ ಬೇಕು. ಖಾಸಗಿ ಜಮೀನನ್ನು ಉದ್ಯಾನಕ್ಕೋ ಆಟದ ಬಯಲಿಗೋ ಅಂತ ತೋರಿಸಿದ್ದರೆ ಇನ್ನೂ ಒಂದು ವಿಷಯ ಇದೆ. ಯೋಜನೆ ಪ್ರಕಟವಾದ ದಿನದಿಂದ 5 ವರ್ಷದೊಳಗೆ ಅದನ್ನು ಕೊಂಡುಕೊಳ್ಳದಿದ್ದರೆ ಅಥವಾ ಭೂಸ್ವಾಧೀನ ಶುರು ಮಾಡದಿದ್ದರೆ ಆ ಮೀಸಲು ತಾನಾಗಿಯೇ ಬಿದ್ದುಹೋಗುತ್ತದೆ. ಕಾಯ್ದೆಯ 69ನೇ ಕಲಂ ಇದು. ಮಾಲೀಕರ ಕಡೆಯಿಂದ ನೋಡಿದರೆ ಇದು ನ್ಯಾಯವೇ, ಕೊಳ್ಳದೆ ಬಿಡದೆ ಅವರನ್ನು ಎಷ್ಟು ವರ್ಷ ಕಟ್ಟಿಹಾಕೋದು? ಆದರೆ ಊರಿನವರು ಕೇಳದೇ ಇದ್ದರೆ ಐದು ವರ್ಷ ಸುಮ್ಮನೆ ಕಳೆದುಹೋಗುತ್ತದೆ.

ಇನ್ನೊಂದು ದಾರಿಯಲ್ಲೂ ಬಣ್ಣ ಬದಲಾಗುತ್ತದೆ. ಹತ್ತು ವರ್ಷ ಕಾಯದೆ ನಡುವೆಯೇ ಒಂದು ಸರ್ವೆ ನಂಬರಿನ ಬಳಕೆಯನ್ನು ಬದಲಿಸಲು 14ಎ ಕಲಂನಲ್ಲಿ ಅವಕಾಶವಿದೆ. ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಸಮಯ ಕೊಡಬೇಕು. ಆ ಪ್ರಕಟಣೆ ಒಳಪುಟದಲ್ಲಿ, ಟೆಂಡರುಗಳ ನಡುವೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಡೈರಿಗೋ ಶಾಲೆಗೋ ಪೇಪರ್ ಬರುತ್ತದಲ್ಲ, ವಾರಕ್ಕೊಮ್ಮೆ ಒಬ್ಬರು ಹೋಗಿ ನಮ್ಮ ಊರಿನ ಹೆಸರು ಇದೆಯಾ ಅಂತ ನೋಡುವ ಸರದಿ ಇಟ್ಟುಕೊಂಡರೆ ಸಾಕು.

ಹೋರಾಡಿದರೆ ಆಗುತ್ತದಾ ಅಂತ ಕೇಳುವವರಿಗೆ ಎರಡು ತೀರ್ಪುಗಳ ಮಾತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಪರವಾಗಿ, ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿಯವರ ಆಸ್ಪತ್ರೆಗೆ ಕೊಡುವಂತಿಲ್ಲ ಎಂದಿತು. ಆಸ್ಪತ್ರೆ ಒಳ್ಳೆಯದಲ್ಲವೇ ಅನ್ನಬಹುದು. ಒಳ್ಳೆಯದೇ, ಆದರೆ ಮಕ್ಕಳು ಆಡುವ ಜಾಗ ಕಿತ್ತುಕೊಂಡು ಅಲ್ಲ. ಇನ್ನೊಂದು 2011ರದು. ಪಂಜಾಬಿನ ಪಟಿಯಾಲಾ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯ ಕೆರೆಯನ್ನು ಮುಚ್ಚಿ ಕೆಲವರು ಮನೆ ಕಟ್ಟಿದ್ದರು. ಹಣ ಖರ್ಚು ಮಾಡಿದ್ದೇವೆ ಅನ್ನುವುದು ಸಕ್ರಮಕ್ಕೆ ಕಾರಣವಾಗಲ್ಲ ಎಂದ ಸುಪ್ರೀಂ ಕೋರ್ಟ್, ಗ್ರಾಮಗಳ ಸಾಮುದಾಯಿಕ ಜಾಗಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿತು. ಭೂಮಿ ಇಲ್ಲದ ಕೂಲಿಕಾರರು, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಾಗಗಳಂಥ ಸಂದರ್ಭದಲ್ಲಿ ವಿನಾಯಿತಿ ಇರಬಹುದು ಎಂದೂ ಹೇಳಿದೆ. ನಮ್ಮ ಸಂಘಗಳಲ್ಲೇ ಗೋಮಾಳದಲ್ಲಿ ಗುಡಿಸಲು ಹಾಕಿಕೊಂಡು 94ಸಿ ಅರ್ಜಿ ಕೊಟ್ಟು ಕಾಯುತ್ತಿರುವ ಅಕ್ಕ ತಂಗಿಯರಿದ್ದಾರೆ. ಸಾಮುದಾಯಿಕ ಜಾಗ ಉಳಿಸೋಣ ಅನ್ನುವಾಗ ಅವರನ್ನು ಎಬ್ಬಿಸೋಣ ಅಂತ ಅರ್ಥ ಮಾಡಬೇಡಿ. ಹತ್ತಾರು ಎಕರೆ ಬೇಲಿ ಹಾಕಿಕೊಂಡವರ ಜೊತೆ ಒಂದು ಗುಡಿಸಲಿನವರನ್ನು ಒಂದೇ ತಕ್ಕಡಿಗೆ ಹಾಕೋದು ನಮಗೆ ಒಪ್ಪಿಗೆ ಇಲ್ಲ.

ಮಹಾಯೋಜನೆ ಇಲ್ಲದ ಊರುಗಳಿಗೆ

ನಿಮ್ಮಲ್ಲಿ ಅನೇಕರ ಊರು ಯಾವ ಯೋಜನಾ ಪ್ರದೇಶಕ್ಕೂ ಸೇರಿರಲಿಕ್ಕಿಲ್ಲ. ಅಲ್ಲಿ ಬಣ್ಣದ ನಕ್ಷೆ ಇರೋದಿಲ್ಲ, ಆದರೂ ಜಾಗ ಹಂಚಿಕೆ ಇದ್ದೇ ಇದೆ. ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಗೋಮಾಳ, ಸ್ಮಶಾನ, ಊರಿನ ಇತರ ಅಗತ್ಯಗಳಿಗೆ ಕಾಯ್ದಿರಿಸಬಹುದು. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಅಂತ ನಿಯಮ. ದನದ ಲೆಕ್ಕ ಕಡಿಮೆ ತೋರಿಸಿದರೆ ಗೋಮಾಳ 'ಹೆಚ್ಚುವರಿ' ಆಗಿಬಿಡುತ್ತದೆ. ಜಾನುವಾರು ಗಣತಿಗೆ ಬಂದಾಗ ಕೊಟ್ಟಿಗೆಯಲ್ಲಿರುವ ಎಲ್ಲವನ್ನೂ ಬರೆಸಿ.

ಇಂಥ ಊರುಗಳಲ್ಲಿ ಮಾತಾಡುವ ಜಾಗ ವಾರ್ಡ್ ಸಭೆ ಮತ್ತು ಗ್ರಾಮ ಸಭೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಹಾಜರಾದವರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಪಂಚಾಯಿತಿ ಪ್ರತಿ ವರ್ಷ ಮಾಡುವ ಅಭಿವೃದ್ಧಿ ಯೋಜನೆ ಹೆಚ್ಚಾಗಿ ಹಣದ ಯೋಜನೆ. ಚರಂಡಿಗೆ ಇಷ್ಟು, ಬೀದಿ ದೀಪಕ್ಕೆ ಇಷ್ಟು. ಅದರ ಜೊತೆಗೆ "ಅಂಗನವಾಡಿಗೆ ಈ ಸರ್ವೆ ನಂಬರಿನಲ್ಲಿ ಐದು ಗುಂಟೆ ಕಾಯ್ದಿರಿಸಲು ತಹಶೀಲ್ದಾರರನ್ನು ಕೋರಲಾಗಿದೆ" ಅನ್ನುವ ಒಂದು ಸಾಲು ನಡವಳಿಯಲ್ಲಿ ಬರೆಸಿ, ಪಿಡಿಒ ಅವರಿಂದ ಅದರ ನಕಲು ತೆಗೆದುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಮನೆಗಳ ಸಾಲಿನೊಳಗೆ ನಡೆಯುವ ಅಳತೆಯ ಬಗ್ಗೆಯೂ ಒಂದು ಮಾತು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರು ಮಾಡಿತು. ಗ್ರಾಮಠಾಣಾದ ಮೇಲೆ ಡ್ರೋನ್ ಹಾರಿಸಿ ಪ್ರತಿ ಮನೆಯ ಗಡಿ ಗುರುತಿಸಿ ಆಸ್ತಿ ಕಾರ್ಡು ಕೊಡುವ ಯೋಜನೆ ಇದು. ಡ್ರೋನ್ ಬರುವ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗಡಿ ಎಳೆಯುತ್ತಾರೆ. ಆ ಸುಣ್ಣದ ಗೆರೆಯೇ ಮುಂದೆ ಕಾರ್ಡಿನಲ್ಲಿ ಬರುವುದು. ಗೆರೆ ಎಳೆಯುವ ದಿನ ಕೂಲಿ ಹೋದರೂ ಚಿಂತೆಯಿಲ್ಲ, ಮನೆಯಲ್ಲಿರಿ. ನಿಮ್ಮ ಹಿತ್ತಲು ಪಕ್ಕದವರ ಗೆರೆಯೊಳಗೆ ಹೋಗದಂತೆ ನೋಡುವುದರ ಜೊತೆ, ಎಲ್ಲರೂ ಓಡಾಡುವ ಓಣಿ, ಬಾವಿಯ ಕಟ್ಟೆ, ಚರಂಡಿ ಯಾರ ಗೆರೆಯೊಳಗೂ ಸೇರದಂತೆ ನೋಡಿಕೊಳ್ಳಿ. ವಿಧವೆಯರು, ಒಂಟಿ ಮಹಿಳೆಯರ ಮನೆಯ ಮುಂದೆ ಸಂಘದಿಂದ ಇಬ್ಬರು ಹೋಗಿ ನಿಲ್ಲಿ. ಅವರಿಲ್ಲದ ಹೊತ್ತಿನಲ್ಲಿ ಗೆರೆ ಒಂದು ಅಡಿ ಸರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ಪ್ರತಿ ಸಂಘದವರೂ ನಿಮ್ಮ ಊರಿನ ಗ್ರಾಮ ನಕ್ಷೆಯ ಒಂದು ನಕಲು, ಸ್ಮಶಾನದ ಮತ್ತು ಅಂಗನವಾಡಿ ಇರುವ ಜಾಗದ ಪಹಣಿ ತೆಗೆಸಿಕೊಂಡು ಬನ್ನಿ. ಖರ್ಚನ್ನು ಸಂಘದ ಲೆಕ್ಕದಲ್ಲಿ ಬರೆಯಬಹುದು. ರಂಗೋಲಿ ಪುಡಿ ನಾವು ತರುತ್ತೇವೆ, ಹುಣಸೆ ಬೀಜ ನೀವು ತನ್ನಿ. ನಿಮ್ಮ ಊರು ಯೋಜನಾ ಪ್ರದೇಶದಲ್ಲಿದೆಯಾ ಇಲ್ಲವಾ ಅಂತ ಪಂಚಾಯಿತಿಯಲ್ಲಿ ಈ ವಾರವೇ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಡಿ.